ಲಾ ಕಾಲೇಜು ಆರಿಸುವ ಮೊದಲು ಏನೇನು ನೋಡಬೇಕು? ತಂಗಿಗಾಗಿ ಕೇಳುತ್ತಿದ್ದೇನೆ

ಇಂಡಿ ಹುಡುಗ:
ಎಲ್ಲರಿಗೂ ನಮಸ್ಕಾರ. ನನ್ನ ತಂಗಿ ಈ ಸಲ ಪಿಯುಸಿ ಆರ್ಟ್ಸ್ ಮುಗಿಸಿದ್ದಾಳೆ, 600ಕ್ಕೆ 516 ಬಂದಿದೆ. ಓದಿದ್ದೆಲ್ಲ ಕನ್ನಡ ಮಾಧ್ಯಮದಲ್ಲೇ. ಎರಡು ವರ್ಷದಿಂದ ಒಂದೇ ಹಟ, ವಕೀಲಳಾಗಬೇಕು ಅಂತ. ನಮ್ಮ ಹೊಲದ ಬದುವಿನ ಕೇಸು ಹನ್ನೊಂದು ವರ್ಷ ನಡೆಯಿತು. ಅಪ್ಪನ ಜೊತೆ ತಾರೀಖಿಗೆ ಇವಳೂ ಹೋಗುತ್ತಿದ್ದಳು. ಒಳಗೆ ಏನು ನಡೀತು, ಮುಂದಿನ ತಾರೀಖು ಯಾಕೆ ಬಿತ್ತು ಅಂತ ನಮಗೆ ಯಾರೂ ಬಿಡಿಸಿ ಹೇಳಲಿಲ್ಲ. ಅಲ್ಲಿಂದಲೇ ಇವಳಿಗೆ ಇದು ಮನಸ್ಸಿಗೆ ಹತ್ತಿದೆ.

ನಮ್ಮ ಮನೆತನದಲ್ಲಿ ವಕೀಲರು ಯಾರೂ ಇಲ್ಲ. ಬೆಳಗಾವಿಗೇ ಕಳಿಸಿ ಅಂತ ಕೆಲವರು, ಬಾಗಲಕೋಟೆ ಸಾಕು ಅಂತ ಕೆಲವರು. ಇದರ ನಡುವೆ ಏಜೆಂಟ್ ಒಬ್ಬ ಮನೆಗೇ ಬಂದಿದ್ದ. ಕ್ಲಾಸಿಗೆ ಹೋಗೋದೇ ಬೇಡ, ಪರೀಕ್ಷೆಗೆ ಬಂದರೆ ಸಾಕು, ಹಾಜರಿ ನಾವು ನೋಡ್ಕೊಳ್ತೀವಿ ಅಂದ. ಮಗಳು ಮನೆಯಲ್ಲೇ ಇರುತ್ತಾಳೆ, ಹಾಸ್ಟೆಲ್ ಖರ್ಚೂ ಉಳಿಯುತ್ತೆ ಅಂತ ಅಪ್ಪನಿಗೆ ಅದೇ ಹಿಡಿಸಿದೆ. ನನಗೆ ಯಾಕೋ ಸರಿ ಅನಿಸುತ್ತಿಲ್ಲ. ತಿಳಿದವರು ದಯವಿಟ್ಟು ಹೇಳಿ.

ನವನಗರ ವಕೀಲ:
ತಮ್ಮಾ, ಮೊದಲು ಆ ಏಜೆಂಟಿಗೆ ಬೇಡ ಅಂತ ಹೇಳಿಬಿಡು. ಉಳಿದದ್ದು ಆಮೇಲೆ ಮಾತಾಡೋಣ.

ನಾನು ಬಾಗಲಕೋಟೆಯಲ್ಲಿ ಹದಿನಾರು ವರ್ಷದಿಂದ ವಕೀಲಿ ಮಾಡುತ್ತಿದ್ದೇನೆ. ನನ್ನ ಆಫೀಸಿಗೆ ಪ್ರತಿ ವರ್ಷ ಇಬ್ಬರು ಮೂವರು ಹೊಸ ಹುಡುಗರು ಜೂನಿಯರ್ ಆಗಿ ಸೇರಲು ಬರುತ್ತಾರೆ. ಯಾರು ಕ್ಲಾಸಿನಲ್ಲಿ ಕೂತು ಓದಿದವರು, ಯಾರು ಅಲ್ಲ ಅಂತ ಒಂದೇ ವಾರದಲ್ಲಿ ಗೊತ್ತಾಗುತ್ತದೆ. ಮಾರ್ಕ್ಸ್ ಕಾರ್ಡ್ ನೋಡುವ ಅಗತ್ಯವೇ ಬರುವುದಿಲ್ಲ.

ಹಾಜರಿ ಅನ್ನೋದು ಕಾಲೇಜು ಮನಸ್ಸು ಬಂದಂತೆ ಬಿಟ್ಟುಕೊಡುವ ವಿಷಯವಲ್ಲ. ವಕೀಲಿ ವೃತ್ತಿ, ಕಾನೂನು ಶಿಕ್ಷಣ ಎರಡನ್ನೂ ನಿಯಂತ್ರಿಸುವ ಬಾರ್ ಕೌನ್ಸಿಲ್ ಆಫ್ ಇಂಡಿಯಾದ 2008ರ ಕಾನೂನು ಶಿಕ್ಷಣ ನಿಯಮಗಳ ಪ್ರಕಾರ ಪ್ರತಿ ವಿಷಯದಲ್ಲೂ 70% ಹಾಜರಿ ಬೇಕು. ತೀರಾ ದೊಡ್ಡ ಕಾರಣ ಇದ್ದರೆ 65% ತನಕ ಇಳಿಸಬಹುದು, ಅಷ್ಟೇ. ಅಂಚೆ ಮೂಲಕ ಓದಿದ ಎಲ್‌ಎಲ್‌ಬಿಗೆ ಸನ್ನದು, ಅಂದರೆ ವಕೀಲಿ ಮಾಡುವ ಪರವಾನಗಿ, ಸಿಗುವುದಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಬಾರ್ ಕೌನ್ಸಿಲ್ ಎಲ್ಲ ಕಾಲೇಜುಗಳಿಗೆ ಬಯೋಮೆಟ್ರಿಕ್ ಹಾಜರಿ ಹಾಕಿ, ಸಿಸಿಟಿವಿ ಇಡಿ ಅಂತ ಸುತ್ತೋಲೆಯನ್ನೂ ಕಳಿಸಿದೆ. ನಾಳೆ ಯಾರಾದರೂ ತಕರಾರು ತೆಗೆದರೆ ಏಜೆಂಟ್ ಸಿಗುವುದಿಲ್ಲ. ಸಿಕ್ಕಿಬೀಳುವವಳು ನಿನ್ನ ತಂಗಿ.

ಗುಮ್ಮಟದ ನೆರಳು:
ನಾನು ವಿಜಯಪುರದವನು. ಇಂಡಿಯ ತಮ್ಮ ಕೇಳಿದ್ದಕ್ಕೆ ನನ್ನ ಕಥೆ ಹೇಳಲೇಬೇಕು ಅನಿಸಿತು.

ನಾನು ಮಾಡಿದ್ದು ಅದೇ. ಬಿಎ ಮುಗಿಸಿ ಮೂರು ವರ್ಷದ ಎಲ್‌ಎಲ್‌ಬಿಗೆ ದೂರದ ಒಂದು ಕಾಲೇಜಿನಲ್ಲಿ ಹೆಸರು ಹಚ್ಚಿದೆ. ಕಾಲೇಜಿನ ಹೆಸರು ಬೇಡ ಬಿಡಿ. ಮೂರು ವರ್ಷದಲ್ಲಿ ಆ ಕಟ್ಟಡದೊಳಗೆ ಕಾಲಿಟ್ಟಿದ್ದು ಪರೀಕ್ಷೆಗೆ ಮಾತ್ರ. ಗೈಡ್ ಓದಿ ಪಾಸಾದೆ, ಸನ್ನದೂ ಸಿಕ್ಕಿತು, ಮನೆಯಲ್ಲಿ ಪೇಢೆ ಹಂಚಿದರು.

ಸೀನಿಯರ್ ಹತ್ತಿರ ಸೇರಿದ ಎರಡನೇ ವಾರ ಒಂದು ಫೈಲು ಕೊಟ್ಟು, ಇದಕ್ಕೆ ಕೈಫಿಯತ್ತು ಬರೆದುಕೊಂಡು ಬಾ ಅಂದರು. ಕೈಫಿಯತ್ತು ಅಂದರೆ ದಾವೆಗೆ ಪ್ರತಿವಾದಿ ಬರೆದುಕೊಡುವ ಉತ್ತರ. ದಾವೆಯಲ್ಲಿ ಹದಿನಾಲ್ಕು ಪ್ಯಾರಾ ಇದ್ದವು. ನಾನು ನಮ್ಮ ಪಕ್ಷಗಾರನ ಕಥೆಯನ್ನೆಲ್ಲ ಎರಡು ಪುಟ ಚೆಂದಾಗಿ ಬರೆದೆ, ಕೊನೆಗೆ ದಾವೆ ವಜಾ ಮಾಡಬೇಕು ಅಂತ ಸೇರಿಸಿದೆ. ಸೀನಿಯರ್ ಪೆನ್ನು ತೆಗೆದು ದಾವೆಯ ಏಳನೇ ಪ್ಯಾರಾಕ್ಕೆ ಗೆರೆ ಹಾಕಿದರು. ಜಮೀನು ತನ್ನ ಕಬ್ಜೆಯಲ್ಲೇ ಇದೆ ಅಂತ ವಾದಿ ಹೇಳಿಕೊಂಡಿದ್ದ ಪ್ಯಾರಾ ಅದು. ಇದನ್ನು ಎಲ್ಲಿ ಅಲ್ಲಗಳೆದಿದ್ದೀಯ ತೋರಿಸು ಅಂದರು. ನಾನು ಎಲ್ಲೂ ಅಲ್ಲಗಳೆದಿರಲಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 8ನೇ ಆದೇಶ, 5ನೇ ನಿಯಮ. ಸ್ಪಷ್ಟವಾಗಿ ಅಲ್ಲಗಳೆಯದ ಮಾತನ್ನು ಒಪ್ಪಿಕೊಂಡಂತೆ ಹಿಡಿಯುತ್ತಾರೆ. ಆ ಕಾಗದ ಹಾಗೇ ಕೋರ್ಟಿಗೆ ಹೋಗಿದ್ದರೆ ಒಬ್ಬ ರೈತನ ಮೂರು ಎಕರೆ ನನ್ನ ಕೈಯಿಂದ ಹೋಗುತ್ತಿತ್ತು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಕ್ಲಾಸಿನಲ್ಲಿ ಕೂತವರು ಇದನ್ನು ಡ್ರಾಫ್ಟಿಂಗ್ ಪೇಪರ್‌ನಲ್ಲಿ ಕಲಿತಿರುತ್ತಾರೆ. ನನಗೆ ಅಷ್ಟು ಕಲಿಯಲು ನಾಲ್ಕು ವರ್ಷ ಜಾಸ್ತಿ ಹಿಡಿಯಿತು. ತಂಗಿಯನ್ನು ದಯವಿಟ್ಟು ಕ್ಲಾಸಿಗೆ ಕಳಿಸು.

ಇಂಡಿ ಹುಡುಗ:
ಅಣ್ಣಾ, ಇದನ್ನು ಅಪ್ಪನಿಗೆ ಓದಿ ಹೇಳಿದೆ. ಮೂರು ಎಕರೆ ಅನ್ನೋ ಮಾತಿಗೆ ಸುಮ್ಮನಾದರು. ಏಜೆಂಟ್ ವಿಷಯ ಮುಗಿಯಿತು. ಈಗ ಕಾಲೇಜು ಯಾವುದು ಅನ್ನೋ ಪ್ರಶ್ನೆ. ಬೆಳಗಾವಿಯ ಹೆಸರಿಗೆ ಅಷ್ಟೊಂದು ತೂಕ ಇದೆಯಾ?

ನವನಗರ ವಕೀಲ:
ಹೆಸರಿನ ಬಗ್ಗೆ ನೇರವಾಗಿ ಹೇಳುತ್ತೇನೆ. ಬೆಳಗಾವಿಯ ರಾಜಾ ಲಖಮಗೌಡ ಕಾನೂನು ಕಾಲೇಜು 1939ರಿಂದ ಇದೆ. 1989ರಲ್ಲಿ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ಆದ ಇ.ಎಸ್. ವೆಂಕಟರಾಮಯ್ಯ ಅಲ್ಲಿ ಓದಿದವರು. ಅಟಾರ್ನಿ ಜನರಲ್ ಆಗಿದ್ದ ಕೆ.ಕೆ. ವೇಣುಗೋಪಾಲ್ ಕೂಡ. ಬೆಳಗಾವಿಯಲ್ಲೇ ಕೆಎಲ್‌ಇ ಸಂಸ್ಥೆಯ ಬಿ.ವಿ. ಬೆಲ್ಲದ ಕಾಲೇಜಿದೆ. ನಮ್ಮ ಬಾಗಲಕೋಟೆಯಲ್ಲಿ ಬಿವಿವಿ ಸಂಘದ ಎಸ್.ಸಿ. ನಂದಿಮಠ ಕಾಲೇಜಿದೆ. ಹಳೆಯ ವಿದ್ಯಾರ್ಥಿಗಳ ಬಗ್ಗೆ ಹೆಮ್ಮೆ ಪಡೋಣ, ಆದರೆ ನಿನ್ನ ತಂಗಿಗೆ ಪಾಠ ಮಾಡುವವರು ಅವರಲ್ಲ. ಈಗ ಯಾರು ಪಾಠ ಮಾಡುತ್ತಿದ್ದಾರೆ ಅನ್ನೋದು ಮುಖ್ಯ.

ತುಂಬಾ ಜನಕ್ಕೆ ಗೊತ್ತಿಲ್ಲದ ಒಂದು ಮಾತಿದೆ. ಈ ಕಾಲೇಜುಗಳೆಲ್ಲ ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದವು. 2009ರಲ್ಲಿ ಅದು ಶುರುವಾದ ಮೇಲೆ ಪಠ್ಯ ಒಂದೇ, ಪ್ರಶ್ನೆಪತ್ರಿಕೆ ಒಂದೇ, ಡಿಗ್ರಿಯೂ ಒಂದೇ. ಬೆಳಗಾವಿಯಲ್ಲಿ ಓದಿದರೂ ಬಾಗಲಕೋಟೆಯಲ್ಲಿ ಓದಿದರೂ ಕೈಗೆ ಬರುವ ಕಾಗದದಲ್ಲಿ ಆ ವಿಶ್ವವಿದ್ಯಾಲಯದ ಮುದ್ರೆಯೇ ಇರುತ್ತದೆ. ವ್ಯತ್ಯಾಸ ಇರುವುದು ದಿನನಿತ್ಯದ ಪಾಠದಲ್ಲಿ, ಗ್ರಂಥಾಲಯದಲ್ಲಿ, ವಾದ ಮಾಡುವುದನ್ನು ಅಭ್ಯಾಸ ಮಾಡಿಸುವ ಮೂಟ್ ಕೋರ್ಟಿನಲ್ಲಿ. ಅದನ್ನು ವೆಬ್‌ಸೈಟಿನಲ್ಲಿ ನೋಡಿದರೆ ಗೊತ್ತಾಗದು, ಹೋಗಿಯೇ ನೋಡಬೇಕು.

ಹೋಗುವಾಗ ಪ್ರವೇಶ ನಡೆಯುವ ದಿನ ಹೋಗಬೇಡ, ಅವತ್ತು ಎಲ್ಲವೂ ಚೆಂದ ಕಾಣುತ್ತದೆ. ತರಗತಿ ಶುರುವಾದ ಮೇಲೆ ಒಂದು ಮಂಗಳವಾರ ಬೆಳಿಗ್ಗೆ 11ಕ್ಕೆ ಹೋಗು. ಕೋಣೆಯಲ್ಲಿ ಎಷ್ಟು ಜನ ಕೂತಿದ್ದಾರೆ ನೋಡು. ಒಂದು ವಿಭಾಗದಲ್ಲಿ 60 ಜನರಿಗಿಂತ ಜಾಸ್ತಿ ಇರಬಾರದು ಅಂತ ನಿಯಮ ಇದೆ. ಆದರೆ ನನ್ನ ಚಿಂತೆ ಜಾಸ್ತಿ ಇರುವುದಲ್ಲ, 60 ಹೆಸರಿದ್ದು ಒಂಬತ್ತು ಜನ ಕೂತಿರುವುದು.

ಆಮೇಲೆ ಗ್ರಂಥಾಲಯ. ಕಪಾಟಿನಿಂದ ಎರಡು ಪುಸ್ತಕ ತೆಗೆದು ಹಿಂದಿನ ಚೀಟಿ ನೋಡು, ಕೊನೆಯ ತಾರೀಖು ಯಾವಾಗ ಬಿದ್ದಿದೆ ಅಂತ. ವರ್ಷಗಟ್ಟಲೆ ಯಾರೂ ಒಯ್ಯದ ಪುಸ್ತಕ ತೋರಣ ಇದ್ದಂತೆ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ, ನಾಗರಿಕ ಸುರಕ್ಷಾ ಸಂಹಿತೆ, ಸಾಕ್ಷ್ಯ ಅಧಿನಿಯಮ ಜಾರಿಯಲ್ಲಿವೆ. ಈ ಮೂರರ ಪುಸ್ತಕಗಳು ಎಷ್ಟು ಪ್ರತಿ ಇವೆ ಕೇಳು. ಹಾಗಂತ ಹಳೆಯ ದಂಡ ಸಂಹಿತೆಯನ್ನು ಬಿಡುವಂತಿಲ್ಲ. ಆ ದಿನಕ್ಕಿಂತ ಮೊದಲು ನಡೆದ ಅಪರಾಧಗಳ ಕೇಸು ಇನ್ನೂ ಹಳೆಯ ಕಲಮುಗಳಲ್ಲೇ ನಡೆಯುತ್ತಿವೆ. ಎರಡನ್ನೂ ಅಕ್ಕಪಕ್ಕ ಇಟ್ಟು ಹೇಳಿಕೊಡುವ ಮೇಷ್ಟ್ರು ಇದ್ದರೆ ಆ ಕಾಲೇಜನ್ನು ಬಿಡಬೇಡ.

ಟಿಳಕವಾಡಿ ಓದುಗಿ:
ನಾನು ಬೆಳಗಾವಿಯಲ್ಲಿ ಬಿಎ ಎಲ್‌ಎಲ್‌ಬಿ ನಾಲ್ಕನೇ ವರ್ಷ ಓದುತ್ತಿದ್ದೇನೆ. ಊರು ಸವದತ್ತಿ ಹತ್ತಿರ. ನಾನೂ ಕನ್ನಡ ಮಾಧ್ಯಮದವಳು. ಹಾಗಾಗಿ ನಿಮ್ಮ ತಂಗಿಯ ಪರವಾಗಿ ಇದನ್ನು ಬರೆಯುತ್ತಿದ್ದೇನೆ.

ನಮ್ಮ ವಿಶ್ವವಿದ್ಯಾಲಯದ ಪ್ರಶ್ನೆಪತ್ರಿಕೆ ಇಂಗ್ಲಿಷ್, ಕನ್ನಡ ಎರಡರಲ್ಲೂ ಬರುತ್ತದೆ. ಉತ್ತರವನ್ನು ಪೂರ್ತಿ ಇಂಗ್ಲಿಷಿನಲ್ಲಿ ಇಲ್ಲವೇ ಪೂರ್ತಿ ಕನ್ನಡದಲ್ಲಿ ಬರೆಯಬೇಕು ಅಂತ ಮೇಲೆಯೇ ಅಚ್ಚಾಗಿರುತ್ತದೆ. ಅರ್ಧ ಅದು ಅರ್ಧ ಇದು ಮಾಡುವಂತಿಲ್ಲ. ನಾನು ಮೊದಲ ಎರಡು ವರ್ಷ ಕನ್ನಡದಲ್ಲಿ ಬರೆದೆ, ಮೂರನೇ ವರ್ಷದಿಂದ ಇಂಗ್ಲಿಷಿಗೆ ಬಂದೆ. ನಾಚಿಕೊಳ್ಳುವುದು ಏನೂ ಇಲ್ಲ.

ಆದರೆ ಒಂದು ಕಷ್ಟ ಇದೆ. ತೀರ್ಪುಗಳು ಇಂಗ್ಲಿಷಿನಲ್ಲಿವೆ, ಒಳ್ಳೆಯ ಪುಸ್ತಕಗಳೂ ಇಂಗ್ಲಿಷಿನಲ್ಲಿವೆ. ಮೊದಲ ಸೆಮಿಸ್ಟರಿನಲ್ಲಿ ಕರಾರು ಕಾಯ್ದೆ ಓದುವಾಗ ಒಂದು ಪುಟಕ್ಕೆ ನನಗೆ ಒಂದು ಗಂಟೆ ಹಿಡಿಯುತ್ತಿತ್ತು. ಡಬಲ್ ಗೆರೆಯ ನೋಟ್‌ಬುಕ್ಕಿನಲ್ಲಿ ಎಡಗಡೆ ಇಂಗ್ಲಿಷ್ ಶಬ್ದ, ಬಲಗಡೆ ನನ್ನದೇ ಮಾತಿನಲ್ಲಿ ಕನ್ನಡ ಅರ್ಥ ಬರೆಯುತ್ತಿದ್ದೆ. ಅಂಥ ಆರು ನೋಟ್‌ಬುಕ್ ತುಂಬಿವೆ. ಈಗಿನ ಜೂನಿಯರ್ ಹುಡುಗಿಯರು ಅವನ್ನೇ ಜೆರಾಕ್ಸ್ ಮಾಡಿಸಿಕೊಂಡು ಹೋಗುತ್ತಾರೆ. ಕಾಲೇಜು ನೋಡಲು ಹೋದಾಗ ಮೇಷ್ಟ್ರನ್ನು ಒಂದು ಪ್ರಶ್ನೆ ಕೇಳಿ. ಪಾಠ ಇಂಗ್ಲಿಷಿನಲ್ಲಿ ಮಾಡಿ ಅರ್ಥ ಆಗದಿದ್ದರೆ ಕನ್ನಡದಲ್ಲಿ ಬಿಡಿಸಿ ಹೇಳುತ್ತೀರಾ ಅಂತ. ಎರಡೂ ಮಾಡುವವರು ಸಿಕ್ಕರೆ ಪುಣ್ಯ.

ಇನ್ನೊಂದು ಮಾತು. ಐದು ವರ್ಷದ ಕೋರ್ಸಿನಲ್ಲಿ ಒಟ್ಟು 20 ವಾರ ಇಂಟರ್ನ್‌ಶಿಪ್ ಕಡ್ಡಾಯ, ಮೂರು ವರ್ಷದ್ದಕ್ಕೆ 12 ವಾರ. ಕೆಲವರು ಪರಿಚಯದ ವಕೀಲರಿಂದ ಸಹಿ ಹಾಕಿಸಿಕೊಂಡು ಮುಗಿಸುತ್ತಾರೆ. ನಾನು ಚೆನ್ನಮ್ಮ ವೃತ್ತದ ಬಳಿಯ ಜಿಲ್ಲಾ ಕೋರ್ಟಿಗೆ ದಿನಾ ಹೋಗಿ ಕೂತೆ. ಪಾಟೀ ಸವಾಲು, ಅಂದರೆ ಎದುರು ಪಕ್ಷದ ವಕೀಲರು ಸಾಕ್ಷಿಯನ್ನು ಪ್ರಶ್ನಿಸುವುದು, ಹೇಗಿರುತ್ತದೆ ಅಂತ ಪುಸ್ತಕ ಓದಿ ತಿಳಿಯಲಿಲ್ಲ, ಅಲ್ಲಿ ಕೂತ ಮೇಲೆ ತಿಳಿಯಿತು. ಕಾಲೇಜಿನಿಂದ ಕೋರ್ಟಿಗೆ ನಡೆದೋ ಒಂದು ಬಸ್ಸಿನಲ್ಲೋ ಹೋಗುವಂತಿದ್ದರೆ ತುಂಬಾ ಅನುಕೂಲ.

ನಾಗರಬಾವಿಯಿಂದ:
ಅಥಣಿ ಕಡೆಯವನು ನಾನು. ಈಗ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಓದುತ್ತಿದ್ದೇನೆ. ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆಯಾದ ಕ್ಲಾಟ್ ಮಾತನ್ನೇ ಯಾರೂ ಎತ್ತಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಕ್ಲಾಟ್ ಡಿಸೆಂಬರಿನಲ್ಲಿ ನಡೆಯುತ್ತದೆ. ಎರಡು ಗಂಟೆ, 120 ಪ್ರಶ್ನೆ, ತಪ್ಪಿಗೆ ಕಾಲು ಅಂಕ ಕಡಿತ. ಪೂರ್ತಿ ಇಂಗ್ಲಿಷ್. ಉದ್ದುದ್ದ ಪ್ಯಾರಾ ಓದಿ ಉತ್ತರಿಸಬೇಕು. ಹಾಗಾಗಿ ಕನ್ನಡ ಮಾಧ್ಯಮದ ಮಕ್ಕಳಿಗೆ ಇದು ಕಷ್ಟ, ಸುಳ್ಳು ಹೇಳುವುದಿಲ್ಲ. ಆದರೆ ನಮ್ಮ ಶಾಲೆಯಲ್ಲಿ ಕರ್ನಾಟಕದಲ್ಲಿ ಕನಿಷ್ಠ ಹತ್ತು ವರ್ಷ ಓದಿದವರಿಗೆ 25% ಮೀಸಲಾತಿ ಇದೆ. ಉತ್ತರ ಕರ್ನಾಟಕದ ಎಷ್ಟೋ ಮಕ್ಕಳಿಗೆ ಇದು ಗೊತ್ತೇ ಇಲ್ಲ, ನನಗೆ ಅದೇ ಬೇಸರ. ಡಿಗ್ರಿ ಆದ ಮೇಲೆ ಬರುವವರಿಗೆ ಮೂರು ವರ್ಷದ ಎಲ್‌ಎಲ್‌ಬಿಯೂ ಇದೆ, ಅದಕ್ಕೆ ಎನ್‌ಎಲ್‌ಸ್ಯಾಟ್ ಅಂತ ಬೇರೆ ಪರೀಕ್ಷೆ.

ಶುಲ್ಕ ಲಕ್ಷಗಳಲ್ಲಿದೆ, ಒಂದು ವರ್ಷದ ಮಾತು ಇದು. ವಿದ್ಯಾರ್ಥಿವೇತನ, ಬ್ಯಾಂಕ್ ಸಾಲ ನೋಡಿಕೊಂಡೇ ಕಾಲಿಡಬೇಕು. ಕಂಪನಿ, ದೊಡ್ಡ ಲಾ ಫರ್ಮ್ ಕಡೆ ಹೋಗುವ ಆಸೆ ಇದ್ದರೆ ಈ ದಾರಿ ಬೇಕು. ಇಂಡಿ ಕೋರ್ಟಿನಲ್ಲೇ ವಾದ ಮಾಡುವ ಆಸೆ ಇದ್ದರೆ ಇದು ಬೇಕೇ ಬೇಕು ಅಂತ ನಾನು ಹೇಳುವುದಿಲ್ಲ.

ಜಮಖಂಡಿ ಅಪ್ಪ:
ನಮ್ಮ ಮಗಳೂ ಇದೇ ಕೇಳುತ್ತಿದ್ದಾಳೆ. ಹಣದ ಲೆಕ್ಕ ಸ್ವಲ್ಪ ಹೇಳಿ ಸರ್. ಐದು ವರ್ಷದ ಕೋರ್ಸೋ, ಬಿಎ ಮಾಡಿಸಿ ಮೂರು ವರ್ಷದ್ದೋ? ಓದು ಮುಗಿದ ಕೂಡಲೇ ಜಡ್ಜ್ ಪರೀಕ್ಷೆ ಬರೆಯಬಹುದು ಅಲ್ವಾ?

ನವನಗರ ವಕೀಲ:
ಇಲ್ಲ ರೀ, ಈಗ ಹಾಗಿಲ್ಲ. 2025ರ ಮೇ 20ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಸಿವಿಲ್ ಜಡ್ಜ್ ಪರೀಕ್ಷೆ ಬರೆಯಲು ಕನಿಷ್ಠ ಮೂರು ವರ್ಷ ವಕೀಲಿ ಮಾಡಿರಬೇಕು. ಪಿಯುಸಿ ಆದಮೇಲೆ ಐದು ವರ್ಷದ ಕೋರ್ಸ್ ಹಿಡಿದರೆ ಐದು, ಮೇಲೆ ಮೂರು, ಒಟ್ಟು ಎಂಟು ವರ್ಷ. ಬಿಎ ಮಾಡಿ ಎಲ್‌ಎಲ್‌ಬಿ ಮಾಡಿದರೆ ಒಂಬತ್ತು. ಮಗಳಿಗೆ ಕಾನೂನೇ ಬೇಕು ಅನ್ನೋದು ಖಾತ್ರಿ ಇದ್ದರೆ ಐದು ವರ್ಷದ್ದು ಹಾಕಿಸಿ. ಇನ್ನೂ ಅನುಮಾನ ಇದ್ದರೆ ಮೊದಲು ಬಿಎ ಮುಗಿಸಲಿ. ಜನರಲ್ ಕೆಟಗರಿಗೆ ಪಿಯುಸಿಯಲ್ಲಿ ಇಲ್ಲವೇ ಡಿಗ್ರಿಯಲ್ಲಿ 45% ಬೇಕು, ಹಿಂದುಳಿದ ವರ್ಗಕ್ಕೆ 42%, ಪರಿಶಿಷ್ಟರಿಗೆ 40%. ನಿಮ್ಮ ಮಕ್ಕಳಿಗೆ ಆ ತೊಂದರೆ ಇರಲಾರದು.

ನಾನು ಹೇಳಬೇಕಾದ ದೊಡ್ಡ ಮಾತು ಶುಲ್ಕದ್ದಲ್ಲ. ಅಪ್ಪಂದಿರು ಕಾಲೇಜಿನ ಐದು ವರ್ಷದ ಲೆಕ್ಕ ಹಾಕುತ್ತಾರೆ, ಆಮೇಲಿನ ಮೂರು ವರ್ಷದ ಲೆಕ್ಕ ಮರೆಯುತ್ತಾರೆ. ಜೂನಿಯರ್ ಆಗಿ ಸೇರಿದ ಹೊಸದರಲ್ಲಿ ನಮ್ಮ ಊರುಗಳಲ್ಲಿ ಕೈಗೆ ಸಿಗುವುದು ಬಸ್ಸಿಗೆ, ಊಟಕ್ಕೆ ಆಗುವಷ್ಟು. 2024ರ ಅಕ್ಟೋಬರಿನಲ್ಲಿ ಬಾರ್ ಕೌನ್ಸಿಲ್ ಆಫ್ ಇಂಡಿಯಾ ಜೂನಿಯರುಗಳಿಗೆ ಪಟ್ಟಣದಲ್ಲಿ ತಿಂಗಳಿಗೆ 20,000, ಹಳ್ಳಿ ಕಡೆ 15,000 ಕೊಡಿ ಅಂತ ಹೇಳಿತು. ಅದು ಶಿಫಾರಸು, ಕಡ್ಡಾಯವಲ್ಲ. ಎಷ್ಟು ಜಾಣ ಹುಡುಗರು ಎರಡನೇ ವರ್ಷಕ್ಕೇ ಕರಿಕೋಟು ತೆಗೆದಿಟ್ಟು ಫೈನಾನ್ಸ್ ಕಂಪನಿ ಸೇರಿದ್ದನ್ನು ನೋಡಿದ್ದೇನೆ. ಹೆಣ್ಣುಮಕ್ಕಳಂತೂ ಇನ್ನೂ ಬೇಗ ಬಿಡುತ್ತಾರೆ, ಮನೆಯವರು ತಾಳುವುದಿಲ್ಲ. ಅದಕ್ಕೇ ದುಬಾರಿ ಕಾಲೇಜಿಗೆ ಸುರಿಯುವ ದುಡ್ಡಿನಲ್ಲಿ ಒಂದಷ್ಟನ್ನು ಆ ಮೂರು ವರ್ಷಕ್ಕೆ ತೆಗೆದಿಡಿ ರೀ. ಪರಿಶಿಷ್ಟ ಜಾತಿ, ಪಂಗಡದ ಕಾನೂನು ಪದವೀಧರರಿಗೆ ತರಬೇತಿ ಸಮಯದಲ್ಲಿ ಸಮಾಜ ಕಲ್ಯಾಣ ಇಲಾಖೆಯಿಂದ ಮಾಸಿಕ ಭತ್ಯೆ ಸಿಗುತ್ತದೆ. ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿ.

ಸನ್ನದಿನ ವಿಷಯದಲ್ಲಿ ಒಂದು ಒಳ್ಳೆಯ ಸುದ್ದಿ ಇದೆ. ಮೊದಲು ನೋಂದಣಿಗೆ ಸಾವಿರಗಟ್ಟಲೆ ಕೊಡಬೇಕಿತ್ತು. 2024ರ ಜುಲೈ 30ರಂದು ಸುಪ್ರೀಂ ಕೋರ್ಟ್, ವಕೀಲರ ಕಾಯ್ದೆ 1961ರಲ್ಲಿ ಬರೆದಷ್ಟೇ ತೆಗೆದುಕೊಳ್ಳಬೇಕು ಅಂತ ಹೇಳಿತು. ಸಾಮಾನ್ಯರಿಗೆ 750 ರೂಪಾಯಿ, ಪರಿಶಿಷ್ಟರಿಗೆ 125. ಸ್ಟಾಂಪ್ ಸುಂಕ ಇದ್ದರೆ ಬೇರೆ. ಆಮೇಲೆ ಅಖಿಲ ಭಾರತ ಬಾರ್ ಪರೀಕ್ಷೆ ಪಾಸಾಗಬೇಕು. 100 ಪ್ರಶ್ನೆ, 45% ಬಂದರೆ ಪಾಸು, ಪರಿಶಿಷ್ಟರಿಗೆ 40%. ಕಾಯ್ದೆಯ ಮೂಲ ಪುಸ್ತಕ ಒಯ್ಯಬಹುದು, ಅದರಲ್ಲಿ ಟಿಪ್ಪಣಿ ಬರೆದಿರಬಾರದು. ಐದು ವರ್ಷ ಕಾಯ್ದೆ ಪುಸ್ತಕ ತಿರುವಿದವರಿಗೆ ಇದು ಭಾರ ಅಲ್ಲ. ಗೈಡ್ ಓದಿದವರಿಗೆ ಯಾವ ಕಲಮು ಎಲ್ಲಿದೆ ಅಂತ ಹುಡುಕುವಷ್ಟರಲ್ಲಿ ಹೊತ್ತು ಮುಗಿಯುತ್ತದೆ.

ಸಕ್ಕರೆ ಪಾಳಿ:
ನಾನು ಕಾರ್ಖಾನೆಯಲ್ಲಿ ಪಾಳಿ ಕೆಲಸ ಮಾಡುತ್ತೇನೆ. ನೌಕರಿ ಬಿಡದೆ ಎಲ್‌ಎಲ್‌ಬಿ ಮಾಡಬಹುದಾ?

ನವನಗರ ವಕೀಲ:
ಬೆಳಗಿನ ತರಗತಿ ಇರುವ ಕಾಲೇಜು ಹತ್ತಿರ ಇದ್ದು, ಪಾಳಿ ಹೊಂದಿಸಿಕೊಂಡು ನಿಜವಾಗಿ ಕ್ಲಾಸಿನಲ್ಲಿ ಕೂರುತ್ತೀನಿ ಅಂದರೆ ಆಗಬಹುದು. ನೌಕರಿ ಇರುವುದನ್ನು ಕಾಲೇಜಿಗೆ ಬರೆದುಕೊಡಬೇಕು, ಕಾರ್ಖಾನೆಯಿಂದ ನಿರಾಕ್ಷೇಪಣಾ ಪತ್ರ ತರಬೇಕು. ಮುಚ್ಚಿಡಬೇಡಿ. ಅದೇ ಹೊತ್ತಿಗೆ ಬೇರೆ ರೆಗ್ಯುಲರ್ ಕೋರ್ಸಿಗೂ ಸೇರಬೇಡಿ.

ಇಂಡಿ ಹುಡುಗ:
ಸರ್, ಒಂದು ಸಂದೇಹ. ಅವಳು ಕೊನೆಗೆ ನಮ್ಮ ಕಡೆಯೇ ವಕೀಲಿ ಮಾಡಬೇಕು ಅಂತಾಳೆ. ಓದುವ ಊರಿಗೂ ಮುಂದೆ ಕೆಲಸ ಮಾಡುವ ಊರಿಗೂ ಸಂಬಂಧ ಇರಬೇಕಾ?

ನವನಗರ ವಕೀಲ:
ಇರಲೇಬೇಕು ಅಂತಿಲ್ಲ, ಇದ್ದರೆ ಅನುಕೂಲ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ಯಾವ ಕಾಲೇಜಿನವರೂ ಇದನ್ನು ಹೇಳುವುದಿಲ್ಲ.

ನಮ್ಮ ಮೂರೂ ಜಿಲ್ಲೆ ನಕ್ಷೆಯಲ್ಲಿ ಅಕ್ಕಪಕ್ಕ ಇವೆ. ಆದರೆ ಹೈಕೋರ್ಟಿನ ಲೆಕ್ಕದಲ್ಲಿ ಬೆಳಗಾವಿ, ಬಾಗಲಕೋಟೆ ಧಾರವಾಡ ಪೀಠಕ್ಕೆ ಹೋಗುತ್ತವೆ, ವಿಜಯಪುರ ಕಲಬುರಗಿ ಪೀಠಕ್ಕೆ ಹೋಗುತ್ತದೆ. ಎರಡೂ 2008ರಲ್ಲಿ ಸಂಚಾರಿ ಪೀಠವಾಗಿ ಶುರುವಾಗಿ 2013ರಲ್ಲಿ ಕಾಯಂ ಆದವು. ನಿನ್ನ ತಂಗಿ ಇಂಡಿಯಲ್ಲಿ ಕೆಲಸ ಮಾಡಿದರೆ ಅವಳ ಹೈಕೋರ್ಟ್ ಮೇಲ್ಮನವಿಗಳೆಲ್ಲ ಕಲಬುರಗಿಗೆ. ಓದುವಾಗಲೇ ಒಂದು ರಜೆಯ ಇಂಟರ್ನ್‌ಶಿಪ್ ಅಲ್ಲಿ ಮಾಡಲಿ.

ಊರೂರಿಗೆ ಕೇಸಿನ ಬಗೆಯೂ ಬೇರೆ. ಬಾಗಲಕೋಟೆಯಲ್ಲಿ ಆಲಮಟ್ಟಿ ಹಿನ್ನೀರು ಹೊಲವನ್ನಷ್ಟೇ ಅಲ್ಲ, ಹಳೆ ಊರಿನ ಎಷ್ಟೋ ಓಣಿಗಳನ್ನೂ ತಗೊಂಡಿತು. ನಾನು ಈಗ ಕೂತು ಬರೆಯುತ್ತಿರುವ ನವನಗರ ಹುಟ್ಟಿದ್ದೇ ಹಾಗೆ. ಪರಿಹಾರ ಕಡಿಮೆಯಾಯಿತು, ಹೆಚ್ಚಿಸಿ ಅಂತ 1894ರ ಭೂಸ್ವಾಧೀನ ಕಾಯ್ದೆಯ 18ನೇ ಕಲಮಿನಡಿ ಹಾಕಿದ ಅರ್ಜಿಗಳಲ್ಲೇ ಇಲ್ಲಿ ಎಷ್ಟೋ ವಕೀಲರು ಕೆಲಸ ಕಲಿತರು. 2014ರ ಜನವರಿ 1ರಿಂದ ಹೊಸ ಭೂಸ್ವಾಧೀನ ಕಾಯ್ದೆ ಬಂದಿದೆ. ಅಣೆಕಟ್ಟಿನ ಎತ್ತರ 519.60 ಮೀಟರಿನಿಂದ 524.256ಕ್ಕೆ ಏರಿದರೆ ಇನ್ನಷ್ಟು ಹಳ್ಳಿಗಳ ಪ್ರಶ್ನೆ ಬರುತ್ತದೆ. ಆ ರೈತರ ಪರವಾಗಿ ಸರಿಯಾಗಿ ಲೆಕ್ಕ ಹಾಕಿ ವಾದಿಸುವ ಹುಡುಗ ಹುಡುಗಿಯರು ನಮಗೆ ಬೇಕು. ಬೆಳಗಾವಿ, ನಿಪ್ಪಾಣಿ, ಖಾನಾಪುರ ಕಡೆ ಹಳೆಯ ಕಾಗದಗಳು ಮರಾಠಿಯಲ್ಲಿರುತ್ತವೆ, ತೀರಾ ಹಳೆಯವು ಮೋಡಿ ಲಿಪಿಯಲ್ಲಿ. ಅಲ್ಲಿ ಮರಾಠಿ ಓದಲು ಬಂದರೆ ಪಕ್ಷಗಾರರು ಹುಡುಕಿಕೊಂಡು ಬರುತ್ತಾರೆ.

ಎಲ್ಲ ಕಡೆಯೂ ಬೇಕಾದದ್ದು ಒಂದಿದೆ, ಉತಾರ, ಅಂದರೆ ಪಹಣಿ, ಓದಲು ಬರಬೇಕು. ನನ್ನ ಹತ್ತಿರ ಬಂದ ಎಷ್ಟೋ ಮಕ್ಕಳಿಗೆ ಸಂವಿಧಾನದ 21ನೇ ವಿಧಿ ಬಾಯಿಪಾಠ ಇರುತ್ತದೆ, ಉತಾರದಲ್ಲಿ 9ನೇ ಕಾಲಂ ಯಾವುದು, 11ನೇ ಕಾಲಂ ಯಾವುದು ಗೊತ್ತಿರುವುದಿಲ್ಲ. 9ರಲ್ಲಿ ಮಾಲೀಕನ ಹೆಸರು, 11ರಲ್ಲಿ ಸಾಲ, ಬೋಜಾ. ರೈತ ಕೈಯಲ್ಲಿ ಹಿಡಿದುಕೊಂಡು ಬರುವ ಮೊದಲ ಕಾಗದ ಅದೇ. ನಿನ್ನ ತಂಗಿ ಅಪ್ಪನ ಉತಾರ ಇಟ್ಟುಕೊಂಡು ಇವತ್ತೇ ಓದಲು ಶುರು ಮಾಡಬಹುದು. ಹನ್ನೊಂದು ವರ್ಷದ ಕೇಸಿನ ಫೈಲೂ ಮನೆಯಲ್ಲೇ ಇದೆಯಲ್ಲ, ಅದಕ್ಕಿಂತ ಒಳ್ಳೆಯ ಪಾಠ ಯಾವ ಕಾಲೇಜು ಕೊಟ್ಟೀತು?

ಟಿಳಕವಾಡಿ ಓದುಗಿ:
ಸರ್, ಉತಾರದ ಮಾತು ನಮಗೂ ಬೇಕಿತ್ತು. ನಾಳೆ ನಮ್ಮ ಕಾನೂನು ನೆರವು ಕೇಂದ್ರದವರು ಹಳ್ಳಿಗೆ ಹೋಗುತ್ತಿದ್ದೇವೆ, ಅಲ್ಲಿ ನೋಡುತ್ತೇನೆ. ಇಂಡಿ ಅಣ್ಣಾ, ಕಾಲೇಜಿನಲ್ಲಿ ಕಾನೂನು ನೆರವು ಕೇಂದ್ರ ಇದೆಯಾ, ಹೋದ ವರ್ಷ ಎಷ್ಟು ಹಳ್ಳಿಗೆ ಹೋಗಿದ್ದಾರೆ ಅಂತಲೂ ಕೇಳಿ.

ಇಂಡಿ ಹುಡುಗ:
ಎಲ್ಲರಿಗೂ ಮತ್ತೆ ನಮಸ್ಕಾರ. ತಡವಾಗಿ ಬರೆಯುತ್ತಿದ್ದೇನೆ. ತಂಗಿ, ನಾನು, ಅಪ್ಪ ಮೂವರೂ ಎರಡು ಊರಿಗೆ ಹೋಗಿ ಬಂದೆವು, ಸರ್ ಹೇಳಿದಂತೆ ಮಂಗಳವಾರವೇ.

ಮೊದಲನೇ ಕಡೆ ಕಟ್ಟಡ ದೊಡ್ಡದಿತ್ತು. ಹನ್ನೊಂದೂಕಾಲಿಗೆ ಮೊದಲ ವರ್ಷದ ಕೋಣೆಗೆ ಬೀಗ. ಇವತ್ತು ಯಾರೂ ಬಂದಿಲ್ಲ ಅಂದರು ಆಫೀಸಿನವರು. ಎರಡನೇ ಕಡೆ ಕೋಣೆಯಲ್ಲಿ ನಲವತ್ತರ ಹತ್ತಿರ ಜನ ಕೂತಿದ್ದರು. ನಾವು ಬಾಗಿಲಲ್ಲಿ ನಿಂತಿದ್ದು ನೋಡಿ ಮೇಡಂ ಒಬ್ಬರು ತಂಗಿಗೆ, ಒಳಗೆ ಬಾರಮ್ಮ, ಕೂತ್ಕೊಂಡು ಕೇಳು ಅಂದರು. ಅವಳು ಒಂದು ತಾಸು ಕೂತಳು. ಸಾಕ್ಷಿ ಹೇಳುವವನು ಕೇಳಿದ್ದಕ್ಕೂ ಕಣ್ಣಾರೆ ಕಂಡಿದ್ದಕ್ಕೂ ಏನು ವ್ಯತ್ಯಾಸ ಅನ್ನೋ ಪಾಠ. ಅರ್ಧ ಇಂಗ್ಲಿಷ್, ಅರ್ಧ ಕನ್ನಡ. ಅಪ್ಪ ಹೊರಗೆ ಬೆಂಚಿನ ಮೇಲೆ ಕೂತು ಕಿಟಕಿಯಿಂದ ಪೂರ್ತಿ ಕೇಳಿದರು. ನಮ್ಮ ಕೇಸಿನಲ್ಲಿ ಪಕ್ಕದ ಹೊಲದವರ ಸಾಕ್ಷಿಯನ್ನು ಯಾಕೆ ಬಿಟ್ಟರು ಅಂತ ನನಗೆ ಇವತ್ತು ತಿಳಿಯಿತು ಅಂದರು ವಾಪಸ್ ಬರುವಾಗ ಬಸ್ಸಿನಲ್ಲಿ.

ಗ್ರಂಥಾಲಯದಲ್ಲಿ ಅವಳು ತೆಗೆದ ಪುಸ್ತಕದ ಚೀಟಿಯಲ್ಲಿ ಹಿಂದಿನ ವಾರದ ತಾರೀಖು ಇತ್ತು. ಮಹಿಳಾ ಹಾಸ್ಟೆಲ್‌ಗೆ ಅರ್ಜಿ ಕೊಟ್ಟು ಬಂದಿದ್ದೇವೆ, ಸೀಟು ಇನ್ನೂ ಖಾತ್ರಿಯಾಗಿಲ್ಲ. ಸಿಗದಿದ್ದರೆ ಬೇರೆ ಹುಡುಗಿಯರ ಜೊತೆ ಸೇರಿ ರೂಮು ಮಾಡಬೇಕು. ಅದರ ಬಗ್ಗೆ ಯಾರಿಗಾದರೂ ಗೊತ್ತಿದ್ದರೆ ಬರೆಯಿರಿ.

ಟಿಳಕವಾಡಿ ಓದುಗಿ:
ನಿಮ್ಮ ತಂಗಿಗೆ ನನ್ನ ಆರು ನೋಟ್‌ಬುಕ್ಕಿನ ಜೆರಾಕ್ಸ್ ಕಳಿಸುತ್ತೇನೆ. ವಿಳಾಸ ಇಲ್ಲಿ ಬರೆಯಬೇಡಿ, ನನಗೆ ಬೇರೆಯಾಗಿ ಮೆಸೇಜ್ ಮಾಡಿ. ಕರಾರು ಕಾಯ್ದೆಯದು ಮೊದಲ ನೋಟ್‌ಬುಕ್ಕಿನಲ್ಲಿದೆ.